ಹೊಳೆಯಾಚೆಯ ಬಾಡಿಗೆ ಕಾರು

ನನ್ನ ಮಾವನವರ ಕುತ್ತಿಗೆ ಹಿಂದಕ್ಕೆ ತಿರುಗುತ್ತಿರಲಿಲ್ಲ. ಬೆನ್ನ ಹಿಂದೆ ಯಾರಾದರೂ ಕರೆದರೆ, ಶೆರವಾನಿಯ ಬಿಗಿದ ಕಾಲರಿನೊಂದಿಗೆ ಇಡೀ ದೇಹವನ್ನೇ ಬೀಸುಕಲ್ಲಿನಂತೆ ಹೊರಳಿಸುತ್ತಿದ್ದರು. ಕೊಪ್ಪಳದ ಜನ ಅದನ್ನು ಗಾಂಭೀರ್ಯ ಎನ್ನುತ್ತಿದ್ದರು. ಸೊಸೆಯಾಗಿ ಆ ಮನೆಯಲ್ಲಿ ಬಾಳಿದವಳು ನಾನು. ಅದು ಗಂಟಲಿನವರೆಗೆ ಗುಂಡಿ ಹಾಕಿಕೊಂಡ ಸೊಕ್ಕು.

ಹತ್ತಿ ವ್ಯಾಪಾರಕ್ಕೆಂದು ಹೈದರಾಬಾದಿಗೆ ಹೋದಾಗ ಯಾರದೋ ಕಾರು ಹೊಡೆಯಲು ಕಲಿತು, ನಿಜಾಮ್ ಸರ್ಕಾರದ ಉರ್ದು ಲೈಸೆನ್ಸ್ ಮಾಡಿಸಿಕೊಂಡು ಬಂದಿದ್ದರು. ಕಾರು ಮಾತ್ರ ಇರಲಿಲ್ಲ. ಮನೆಗೆ ಬಂದವರಿಗೆಲ್ಲ ಎಲೆ ಅಡಿಕೆಯ ಜೊತೆ ಲೈಸೆನ್ಸನ್ನೂ ಮುಂದಿಡುತ್ತಿದ್ದರು.

ನನ್ನ ಚೊಚ್ಚಲ ಬಸಿರು. ದಿನ ತುಂಬುವ ಮೊದಲೇ ಕಾಲು ಬಾತು, ಕಣ್ಣು ಕತ್ತಲೆ ಬರತೊಡಗಿತು. ಬಳ್ಳಾರಿಯ ದವಾಖಾನೆಗೆ ಕರೆದೊಯ್ಯಿರಿ ಎಂದರು ಡಾಕ್ಟರು. ಬಳ್ಳಾರಿ ಹೊಳೆಯಾಚೆಯ ಬ್ರಿಟಿಷ್ ಸೀಮೆ, ನಮಗದು ಪರದೇಶವೇ. ನಾಣ್ಯ ಬೇರೆ, ಪೊಲೀಸರು ಬೇರೆ, ಕಾಯಿದೆ ಬೇರೆ. ರೈಲು ನೇರವಾಗಿ ಹೋಗುತ್ತಿತ್ತು. ಆದರೂ ಮಾವನವರು ನನ್ನನ್ನೂ ಅತ್ತೆಯನ್ನೂ ಹೊಸಪೇಟೆಯಲ್ಲೇ ಇಳಿಸಿದರು. ಅಲ್ಲಿ ಕಾರು ಬಾಡಿಗೆಗೆ ಸಿಗುತ್ತಿತ್ತು.

ಕಾರಿನ ಮಾಲೀಕ ಒಳ್ಳೆಯ ಮಾತಿನಲ್ಲೇ ಹೇಳಿದ: "ಸಾವ್ಕಾರ್ರ, ನಿಮ್ಮ ಲೈಸೆನ್ಸ್ ಈ ಕಡಿ ನಡ್ಯಂಗಿಲ್ರಿ. ಕಚೇರಿಗೆ ಹೋಗಿ ಇಲ್ಲೀ ಪರವಾನಗಿ ತಗೋರಿ, ಇಲ್ಲಾಂದ್ರ ನಮ್ಮ ಡ್ರೈವರ್‌ನ ಕರ್ಕೊಂಡು ಹೋಗ್ರಿ. ಇಂಜಿನ್ನಿಗೆ ನೀರಿನ ಡಬ್ಬಿ ಜೋಡಿ ಇರ್ಲಿ."

"ಹೊಳಿ ದಾಟಿದ್ರ ರಸ್ತಾ ಬದಲಾಗತೈತೇನು? ನನಗ ಕಲಸಾಕ ಬರಬ್ಯಾಡ" ಎಂದರು ಮಾವನವರು. ಡ್ರೈವರ್ ಬೇಡ, ಪರವಾನಗಿ ಬೇಡ, ನೀರಿನ ಡಬ್ಬಿಯೂ ಬೇಡ.

ಅರ್ಧ ದಾರಿಯಲ್ಲಿ ಇಂಜಿನ್ನು ಕುದಿಯಿತು. ನನಗೆ ನೋವು ಶುರುವಾಗಿತ್ತು. ಅತ್ತೆ ನನಗೆಂದು ತಂದಿದ್ದ ತಂಬಿಗೆಯ ನೀರನ್ನು ಮಾವನವರು ಕೇಳದೆ ಕಸಿದು ಇಂಜಿನ್ನಿಗೆ ಸುರಿದರು. ಅಷ್ಟರಲ್ಲಿ ಸೈಕಲ್ ಮೇಲೆ ಬಂದ ಪೊಲೀಸಿನವನು ಲೈಸೆನ್ಸ್ ನೋಡಿ, "ಇದು ಇಲ್ಲಿ ನಡೆಯಲ್ಲ, ಗಾಡಿ ಮುಟ್ಟಬೇಡಿ" ಎಂದ. ಮಾವನವರು ತಮ್ಮ ಮನೆತನ, ಹತ್ತಿ, ಹೈದರಾಬಾದಿನ ದೊಡ್ಡವರ ದೋಸ್ತಿ ಎಲ್ಲವನ್ನೂ ಬಿಚ್ಚತೊಡಗಿದರು. ಹಿಂದಿನ ಸೀಟಿನಲ್ಲಿ ಸೆರಗು ಕಚ್ಚಿ ಬಿದ್ದಿದ್ದ ನನ್ನ ಕಡೆ ಒಮ್ಮೆಯೂ ಹೊರಳಲಿಲ್ಲ.

ಗಂಡನೆದುರು ಕೂತು ಗೊತ್ತಿಲ್ಲದ ಅತ್ತೆ ಕೆಳಗಿಳಿದು, ರಸ್ತೆಯ ನಟ್ಟನಡುವೆ ನಿಂತು, ಶೇಂಗಾ ತುಂಬಿದ ಲಾರಿಯೊಂದನ್ನು ತಡೆದರು.

"ಯಪ್ಪಾ, ಸೊಸಿ ಬ್ಯಾನಿ ತಿನ್ನಾಕತ್ಯಾಳ. ದವಾಖಾನಿ ಮುಟ್ಟಸು."

"ಯಾರನ್ನ ಕೇಳಿ ಹೊಂಟಿ?" ಎಂದು ಮಾವನವರು ಗದರಿದರು.

"ನೀವು ಮಾತು ಮುಗಿಸಿ ಬರ್ರಿ" ಎಂದ ಅತ್ತೆ ನನ್ನನ್ನು ಎತ್ತಿ ಹತ್ತಿಸಿದರು.

ಸಂಜೆ ಮಗಳು ಹುಟ್ಟಿದಳು. ಇಲಿಮರಿಯಂಥ ಕೂಸು, ಬದುಕಿತು. ಮರುದಿನ ಬಂದ ಮಾವನವರು ತೊಟ್ಟಿಲ ಕಡೆ ನೋಡದೆ, "ಗಾಡಿಗೇನೂ ಆಗಿಲ್ಲ" ಎಂದರು.

ಆಮೇಲೆ ಅಳವಂಡಿಯಿಂದ ಕನಕಗಿರಿಯವರೆಗೆ ಬೀಗರಿಗೆಲ್ಲ ಆ ಪ್ರಯಾಣದ ಕತೆ ಹೇಳಿದರು. ಅವರ ಕತೆಯಲ್ಲಿ ಪೊಲೀಸ್ ಸಲಾಮು ಹೊಡೆಯುತ್ತಿದ್ದ. ಲಾರಿ ಬರುತ್ತಲೇ ಇರಲಿಲ್ಲ.

ನಿಜಾಮರ ಆಡಳಿತ ಹೋದ ಮರುವರ್ಷ ಅವರು ತೀರಿಕೊಂಡರು. ಹೆಣದ ಮುಂದೆ ಕೂತ ಬೀಗರೊಬ್ಬರು, "ಪರದೇಶದಾಗ ಕಾರ್ ಹೊಡದ ಗಂಡಸು" ಎಂದು ಕಣ್ಣೊರೆಸಿಕೊಂಡರು.

ತೊಡೆಯ ಮೇಲಿದ್ದ ನನ್ನ ಮಗಳ ಜಡೆ ಸರಿಮಾಡುತ್ತ ಅತ್ತೆ ಅಂದರು:

"ಹೌದ್ರಿ, ಹೊಡದ್ರು. ಮುಟ್ಟಲಿಲ್ಲ."