ರುಚಿ ನೋಡದೆ ಮಾಡಿದ ಅಡುಗೆ

ನಾನು ಹುಟ್ಟಿದಾರಭ್ಯ ಮಾಂಸ ತಿಂದವಳಲ್ಲ. ಆದರೂ ಯಂತ್ರದಲ್ಲಿ ಅರೆದ ದನದ ಮಾಂಸದಿಂದ, ಅಮೆರಿಕದವರು ಗ್ರೌಂಡ್ ಬೀಫ್ ಎನ್ನುತ್ತಾರಲ್ಲ ಅದರಿಂದ, ಮಕ್ಕಳು ತಟ್ಟೆ ನೆಕ್ಕುವಂಥ ಊಟ ಮಾಡಲು ನನಗೆ ಇವತ್ತಿಗೂ ಬರುತ್ತದೆ. ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿದವಳಿಗೆ ಇದೆಂಥ ವಿದ್ಯೆ ಎಂದು ಮೂಗು ಮುರಿಯುವವರು ಮುರಿಯಲಿ. ನನಗಂತೂ ಅದು ಹೆಮ್ಮೆಯ ವಿದ್ಯೆ. ಅದನ್ನು ಕಲಿಸಿದವಳನ್ನು ನೆನೆಯದೆ ನಾನು ಇಂದಿಗೂ ಓವನ್ನಿಗೆ ಪಾತ್ರೆ ಇಡುವುದಿಲ್ಲ.

ಎಪ್ಪತ್ತರ ದಶಕದ ಆರಂಭ. ನನ್ನ ಗಂಡನಿಗೆ ಅಮೆರಿಕದ ವಾರೆನ್ ಎಂಬ ಊರಿನಲ್ಲಿ ಕಾರುಗಳನ್ನು ರೂಪಿಸುವ ಕೆಲಸ. ನಮ್ಮ ಬೀದಿಯಲ್ಲಿ ಎಲ್ಲವೂ ಒಂದೇ ಥರದ ಸಣ್ಣ ಇಟ್ಟಿಗೆ ಮನೆಗಳು. ಮೊದಮೊದಲು ನಾನೇ ಎರಡು ಸಲ ಬೇರೆಯವರ ಬಾಗಿಲಿಗೆ ಕೀಲಿ ತೂರಿಸಿದ್ದೆ. ಅದರಲ್ಲಿ ಒಂದು ಬಾಗಿಲು ಪಕ್ಕದ ಮನೆಯಾಕೆಯದು. ಆಕೆ ದೊಡ್ಡ ಆಳು, ಗಂಟಲು ಇನ್ನೂ ದೊಡ್ಡದು. ಬಾಗಿಲು ತೆಗೆದು, ಸೀರೆ ಉಟ್ಟು ನಡುಗುತ್ತ ನಿಂತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕೀಲಿ ಯಾಕೆ ಹನಿ, ಬೆಲ್ ಒತ್ತಿದ್ರೆ ಸಾಕಿತ್ತು," ಎಂದು ಒಳಗೆ ಕರೆದು ಕಾಫಿ ಕೊಟ್ಟಳು. ಹನಿ ಎಂದರೆ ಜೇನು, ಅಲ್ಲಿಯವರು ಅಕ್ಕರೆಯಿಂದ ಕರೆಯುವುದು ಹಾಗೆ. ನಮ್ಮ ಪರಿಚಯವಾದದ್ದು ಹೀಗೆ.

ಮರುವರ್ಷ ನನ್ನ ಮಗ ಹುಟ್ಟುವ ಹೊತ್ತಿಗೆ ಇವರು ಕಾರುಗಳ ಪರೀಕ್ಷೆಗೆಂದು ಅರಿಜೋನಾದ ಮರಳುಗಾಡಿಗೆ ಹೋಗಿದ್ದರು. ಹಿಮ ಸುರಿಯುತ್ತಿತ್ತು. ನನ್ನನ್ನು ಕೂರಿಸಿಕೊಂಡು ಆಸ್ಪತ್ರೆಗೆ ಡ್ರೈವ್ ಮಾಡಿದವಳು ಆಕೆ. ಮನೆಗೆ ಬಂದ ಮೇಲೆ ಬಾಣಂತನ ಮಾಡಿದವಳೂ ಆಕೆಯೇ. ಖಾರದ ಪುಡಿಯೂ ಇಲ್ಲ, ಸಾಂಬ್ರಾಣಿ ಹೊಗೆಯೂ ಇಲ್ಲ. ದಾಲ್ಚಿನ್ನಿ ಸಕ್ಕರೆ ಉದುರಿಸಿದ ಟೋಸ್ಟು, ಬಿಸಿ ಹಾಲು. ನನ್ನ ಬಟ್ಟೆ, ಮಗುವಿನ ಬಟ್ಟೆ, ಎಲ್ಲ ಅವಳ ವಾಷಿಂಗ್ ಮೆಷಿನ್ನಿಗೆ. ನನ್ನ ತಾಯಿ ಸಾವಿರಾರು ಮೈಲಿ ಆಚೆ ಇದ್ದ ಹೊತ್ತಿನಲ್ಲಿ ಯಾರೋ ನನ್ನ ತಲೆ ಬಾಚಿದರಲ್ಲ, ಅದನ್ನು ನಾನು ಯಾವ ಜನ್ಮದಲ್ಲಿ ಮರೆಯಲಿ?

ಮಗನಿಗೆ ಒಂದು ವರ್ಷ ತುಂಬಿದ ಚಳಿಗಾಲದ ಕೊನೆಯಲ್ಲಿ ಆಕೆ ಮನೆ ಮುಂದಿನ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದಳು. ಸೊಂಟದಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿ ಮನೆಗೆ ಕಳಿಸಿದರು. ಹಾಲ್‌ನ ಸೋಫಾವೇ ಹಾಸಿಗೆಯಾಯಿತು. ಅವಳಿಗೆ ಮೂರು ಹೆಣ್ಣುಮಕ್ಕಳು. ದೊಡ್ಡವಳಿಗೆ ಹನ್ನೊಂದು, ನಡುವಿನವಳಿಗೆ ಎಂಟು, ಚಿಕ್ಕವಳು ಇನ್ನೂ ಕಿಂಡರ್‌ಗಾರ್ಟನ್. ಗಂಡನದು ಕಾರ್ಖಾನೆಯಲ್ಲಿ ಮಧ್ಯಾಹ್ನದ ಪಾಳಿ, ಮಕ್ಕಳು ಸ್ಕೂಲಿನಿಂದ ಬರುವ ಹೊತ್ತಿಗೆ ಅವನು ಹೊರಟಿರುತ್ತಿದ್ದ. ಮೊದಲ ಕೆಲವು ದಿನ ಬೀದಿಯ ಹೆಂಗಸರೆಲ್ಲ ಗಾಜಿನ ಪಾತ್ರೆಗಳಲ್ಲಿ ಊಟ ತಂದಿಟ್ಟರು. ಆಮೇಲೆ ಪಾತ್ರೆಗಳು ಕಡಿಮೆಯಾದವು. ಅವರನ್ನು ದೂರುವಂತಿಲ್ಲ, ಎಲ್ಲರಿಗೂ ಅವರವರ ಸಂಸಾರ. ದೊಡ್ಡವಳು ತಂಗಿಯರಿಗೆ ಬೆಳಿಗ್ಗೆಯೂ ಸಂಜೆಯೂ ಕಾರ್ನ್‌ಫ್ಲೇಕ್ಸ್ ಹಾಕಿಕೊಡತೊಡಗಿದಳು.

ಒಂದು ಭಾನುವಾರ ಒಹಾಯೋದಿಂದ ಮಕ್ಕಳ ಸೋದರತ್ತೆ ಬಂದಳು. ಮನೆಯ ಯಜಮಾನನ ಅಕ್ಕ, ದಪ್ಪ ಚೌಕಟ್ಟಿನ ಕನ್ನಡಕದವಳು. ಅಡುಗೆಮನೆಯ ಸಿಂಕು ನೋಡಿದಳು, ಮಕ್ಕಳ ಮುಖ ನೋಡಿದಳು. ಮುಂದಿನ ಭಾನುವಾರ ಬಂದು ಚಿಕ್ಕವರಿಬ್ಬರನ್ನೂ ತನ್ನ ಮನೆಗೆ ಕರೆದೊಯ್ಯುತ್ತೇನೆ, ದೊಡ್ಡವಳು ಷಿಕಾಗೋದ ಅಜ್ಜಿಯ ಮನೆಯಲ್ಲಿರಲಿ, ಬೇಸಿಗೆಯವರೆಗೆ ಹಾಗೇ ಆಗಲಿ ಎಂದು ಹೇಳಿ ಹೋದಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಮರುದಿನ ನಾನು ಹೋದಾಗ, ಆ ದೊಡ್ಡ ಗಂಟಲಿನ ಹೆಂಗಸು ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ಮೂರು ಮಕ್ಕಳನ್ನೂ ಹಂಚಿಬಿಡ್ತಾರೆ ಹನಿ. ಚಿಕ್ಕವಳು ನನ್ನ ಬಿಟ್ಟು ಒಂದು ದಿನ ಮಲಗಿದವಳಲ್ಲ."

"ಊಟ ನಾನು ಮಾಡಿ ಹಾಕ್ತೀನಿ. ಯಾರೂ ಎಲ್ಲಿಗೂ ಹೋಗೋದು ಬೇಡ," ಎಂದುಬಿಟ್ಟೆ.

ಅಂದೇ ಸಂಜೆ ಚಿತ್ರಾನ್ನ, ಹುಳಿ ಹೊತ್ತು ಹೋದೆ. ಚಿಕ್ಕವಳು ಒಗ್ಗರಣೆಯ ಸಾಸಿವೆ ನೋಡಿ ಹುಳ ಎಂದು ಅಳತೊಡಗಿದಳು. ಉಳಿದಿಬ್ಬರು ಮರ್ಯಾದೆಗೆ ಎರಡೆರಡು ಅಗುಳು ತಿಂದು, ಅಡುಗೆಮನೆಯ ಕಾರ್ನ್‌ಫ್ಲೇಕ್ಸ್ ಡಬ್ಬಿಯ ಕಡೆ ಕಳ್ಳಗಣ್ಣಿನಲ್ಲಿ ನೋಡಿದರು. ನನಗೆ ಕೋಪ ಬಂತು, ಇಲ್ಲವೆನ್ನಲಾರೆ. ಇಡೀ ನಂಟರ ಬಳಗ ಹೊಗಳಿದ ಹುಳಿ ಅದು! ಆದರೆ ಕೋಪದಿಂದ ಮಕ್ಕಳ ಹೊಟ್ಟೆ ತುಂಬುವುದಿಲ್ಲವಲ್ಲ. "ನಿಮಗೇನು ಬೇಕು ಹೇಳ್ರಮ್ಮಾ," ಎಂದು ಕೇಳಿದೆ. "ಮುಖದ ಊಟ," ಎಂದಳು ಚಿಕ್ಕವಳು. ಸೋಫಾದ ಮೇಲಿದ್ದ ತಾಯಿ ಕಣ್ಣು ಮುಚ್ಚಿಕೊಂಡು, "ಅದು ಬೀಫು. ಅವಳ ಕೈಲಿ ಅದನ್ನ ಮಾಡಿಸಬೇಡ್ರೇ," ಎಂದಳು.

ಮನೆಗೆ ಬಂದು ಇವರಿಗೆ ಹೇಳಿದೆ.

"ನಿನಗೇನು ತಲೆ ಕೆಟ್ಟಿದೆಯಾ? ಊರಲ್ಲಿ ಗೊತ್ತಾದ್ರೆ ನಮ್ಮಮ್ಮ ನಿನ್ನ ಕೈಯಿಂದ ನೀರೂ ತಗೊಳಲ್ಲ."

"ಊರಿಗೆ ಯಾರ್ರೀ ಹೇಳ್ತಾರೆ? ನೀವಾ?"

"ಅದಲ್ಲ ಕಣೇ..."

"ನಾನು ಬಾಣಂತಿಯಾಗಿದ್ದಾಗ ಅವಳು ನನ್ನ ಬಟ್ಟೆ ಒಗೆದಳು ರೀ. ಮಡಿ ಮೈಲಿಗೆ ನೋಡಿಕೊಂಡು ಒಗೆದಳಾ?"

ಇವರು ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದರು. ಮರುದಿನ ಕೆಲಸಕ್ಕೆ ಹೊರಡುವಾಗ ತಮ್ಮದೊಂದು ಹಳೆಯ ಪ್ಯಾಂಟು, ಸ್ವೆಟರು ತಂದು ಕುರ್ಚಿಯ ಮೇಲೆ ಹಾಕಿ, "ಇದನ್ನ ಹಾಕ್ಕೊಂಡು ಹೋಗು. ಬಂದ್ಮೇಲೆ ಬೇಸ್‌ಮೆಂಟಲ್ಲೇ ಬಿಚ್ಚಿಡು," ಎಂದರು. ಅತ್ತೆಯವರ ಮನೆಯಲ್ಲಿ ಸ್ನಾನ ಮಾಡಿ, ಮಡಿ ಉಟ್ಟು ಅಡುಗೆಮನೆಗೆ ಹೋಗುತ್ತಿದ್ದೆ. ಇಲ್ಲಿ ಗಂಡನ ಪ್ಯಾಂಟು ತೊಟ್ಟು ಅಡುಗೆಮನೆಗೆ ಹೋಗಿ, ಬಂದ ಮೇಲೆ ಸ್ನಾನ. ಲೆಕ್ಕ ತಿರುಗುಮುರುಗಾಗಿತ್ತು, ಅಷ್ಟೇ.

ಮೊದಲ ಸಂಜೆ ಆ ಕೆಂಪು ಮುದ್ದೆಯ ಪೊಟ್ಟಣ ಬಿಚ್ಚಿದಾಗ ಮೂಗಿಗೆ ಲವಂಗ ಹಿಡಿದು ನಿಂತೆ. ಕೈಯಿಂದ ಮುಟ್ಟಲು ಮಾತ್ರ ಏನು ಮಾಡಿದರೂ ಆಗಲಿಲ್ಲ. "ಮುಟ್ಟೋ ಕೆಲಸ ನಿಮ್ಮದು, ಒಲೆ ಕೆಲಸ ನನ್ನದು," ಎಂದು ಮಕ್ಕಳಿಗೆ ಹೇಳಿದೆ. ನನ್ನ ಆ ಅಸಹಾಯಕತೆಯಿಂದಲೇ ಆಟ ಶುರುವಾಯಿತು. ಅವರಮ್ಮ ಎಂದೂ ಅವರಿಗೆ ಮುಟ್ಟಲು ಬಿಟ್ಟಿರಲಿಲ್ಲವಂತೆ. ಮೂವರೂ ಮೊಣಕೈವರೆಗೆ ಅಂಗಿಯ ತೋಳು ಮಡಚಿ ಸ್ಟೂಲುಗಳ ಮೇಲೆ ಹತ್ತಿದರು. ಮೊಟ್ಟೆ ಒಡೆಯುವವಳು ಒಬ್ಬಳು, ಬ್ರೆಡ್ಡು ಪುಡಿ ಮಾಡುವವಳು ಒಬ್ಬಳು, ಕಲಸುವವಳು ಒಬ್ಬಳು. ನನ್ನ ಮಗ ಎತ್ತರದ ಕುರ್ಚಿಯಲ್ಲಿ ಕುಳಿತು ಬಟಾಣಿ ಎಸೆಯುತ್ತಿದ್ದ. ಸೋಫಾದಿಂದ ಆಜ್ಞೆಗಳು ಬರುತ್ತಿದ್ದವು: ಕೆಂಪು ಹೋಗಿ ಕಂದು ಬರಲಿ, ಕೊಬ್ಬು ಬಸಿ, ಓವನ್ ಮುನ್ನೂರೈವತ್ತು ಡಿಗ್ರಿಗೆ ಇಡು.

ಹೀಗೆ ಒಂದೊಂದೇ ಕಲಿತೆ. ಟೊಮೆಟೊ ಗೊಜ್ಜಿನಲ್ಲಿ ಬೇಯಿಸಿ ಬನ್ನಿನ ನಡುವೆ ತುಂಬುವುದು ಒಂದು, ತಿನ್ನುವಾಗ ಅರ್ಧ ತಟ್ಟೆಗೆ ಬೀಳಲೇಬೇಕು. ಅಕ್ಕಿ ಬೆರೆಸಿ ಉಂಡೆ ಕಟ್ಟುವುದು ಇನ್ನೊಂದು. ಬೆಂದಾಗ ಅಕ್ಕಿ ಮುಳ್ಳಿನಂತೆ ಹೊರಗೆ ಏಳುವುದರಿಂದ ಮಕ್ಕಳು ಅದನ್ನು ಮುಳ್ಳುಹಂದಿ ಎನ್ನುತ್ತಿದ್ದರು. ಅಕ್ಕಿಯ ವಿಷಯಕ್ಕೆ ಬಂದರೆ ನಾನು ಯಾರ ಮಾತೂ ಕೇಳುವವಳಲ್ಲ. ಮೊದಲೇ ನೆನೆಸಿಟ್ಟು ಕೊಟ್ಟೆ, ಮುಳ್ಳು ಮೆತ್ತಗಾಯಿತು. ಮತ್ತೊಂದರಲ್ಲಿ ಮಾಂಸದ ಮೇಲೆ ಗೋಲಿಯಂಥ ಆಲೂಗಡ್ಡೆ ತುಂಡುಗಳನ್ನು ಸಾಲಾಗಿ ಜೋಡಿಸಬೇಕು. ಅದು ಅಪ್ಪನ ಕಾರ್ಖಾನೆಯ ಪಾರ್ಕಿಂಗ್ ಲಾಟು. ಮೂಲೆಯಲ್ಲಿ ಕೆಚಪ್ ಚುಕ್ಕೆ ಇಟ್ಟದ್ದು ಅಪ್ಪನ ಕಾರು, ಅದನ್ನು ಯಾರೂ ತಿನ್ನುವಂತಿಲ್ಲ. ಪಾಳಿ ಮುಗಿಸಿ ಬರುವ ಅವನಿಗೆಂದು ಆ ಮೂಲೆಯನ್ನು ಹಾಗೇ ಎತ್ತಿಡುತ್ತಿದ್ದೆವು.

ಉಪ್ಪು ಹಾಕುವಾಗ ದೊಡ್ಡವಳು ನನ್ನ ಕೈಯನ್ನೇ ನೋಡುತ್ತಿದ್ದಳು. "ಆಂಟಿ, ಅಮ್ಮ ಚಮಚದಲ್ಲಿ ರುಚಿ ನೋಡ್ತಾಳೆ. ನೀವು ಯಾಕೆ ನೋಡಲ್ಲ?"

"ನಾನು ಅದನ್ನ ತಿನ್ನೋ ಹಾಗಿಲ್ಲ ಪುಟ್ಟಾ. ಆದರೆ ನಮ್ಮಲ್ಲಿ ದೇವರಿಗೆ ಅಂತ ಮಾಡೋ ಅಡುಗೇನ ಮೊದಲು ಯಾರೂ ರುಚಿ ನೋಡಲ್ಲ. ಕಣ್ಣಂದಾಜು, ಕೈಯಂದಾಜು. ನಮ್ಮತ್ತೆ ಮನೇಲಿ ಹಬ್ಬದ ಅಡುಗೆಯೆಲ್ಲ ಹಾಗೇ ಮಾಡ್ತಿದ್ದೆ, ಅಭ್ಯಾಸ ಇದೆ."

ನೈವೇದ್ಯದ ಅಡುಗೆಯ ವಿದ್ಯೆ ಎಲ್ಲಿಗೆ ಬಂದು ಉಪಯೋಗಕ್ಕೆ ಬಿತ್ತು ನೋಡಿ! ಅತ್ತೆಯವರಿಗೆ ತಿಳಿದಿದ್ದರೆ ಅಲ್ಲೇ ಕುಸಿಯುತ್ತಿದ್ದರು. ಆದರೆ ಹದ ಕಲಿಸಿದವರು ಅವರೇ, ಅವರಿಗೂ ನಾನು ಮನಸ್ಸಿನಲ್ಲೇ ಕೈ ಮುಗಿದೆ. ಸೋಫಾದಿಂದ ಎಷ್ಟೋ ದಿನಗಳ ಮೇಲೆ ಹಳೆಯ ಗಂಟಲು ಕೇಳಿಸಿತು: "ಕೇಳಿದ್ರೇನ್ರೇ? ನಿಮ್ಮನ್ನ ದೇವರ ಸಾಲಲ್ಲಿ ಕೂರಿಸಿದಾಳೆ. ಹೋಗಿ ಕೈ ಉಜ್ಜಿ ತೊಳ್ಕೊಂಡು ಬನ್ನಿ!"

ಭಾನುವಾರ ಬಂತು. ಸೋದರತ್ತೆ ಖಾಲಿ ಸೂಟ್‌ಕೇಸುಗಳ ಸಮೇತ ಬಂದಳು. ಅವತ್ತು ಮುಖದ ಊಟ. ಮಾಂಸವನ್ನು ಬ್ರೆಡ್ಡಿನಂತೆ ಒತ್ತಿ ಬೇಯಿಸಿ, ಮೇಲೆ ಕೆಚಪ್ಪಿನ ಬಾಯಿ, ಬಟಾಣಿಯ ಕಣ್ಣು ಇಡುವುದು. ನಾನು ಅತ್ತ ತಿರುಗಿದಾಗ ಮಕ್ಕಳು ಆ ಕಣ್ಣುಗಳ ಸುತ್ತ ಎರಡು ದಪ್ಪ ಈರುಳ್ಳಿ ಬಳೆ ಇಟ್ಟುಬಿಟ್ಟಿದ್ದರು. ಅದು ಸೋದರತ್ತೆಯೇ, ಯಾರಿಗೂ ಅನುಮಾನ ಬರುವಂತಿರಲಿಲ್ಲ. ಈರುಳ್ಳಿ ತೆಗೆಯೋಣವೆಂದರೆ ಆಕೆ ಆಗಲೇ ಮೇಜಿನ ಮುಂದೆ ಕುಳಿತಿದ್ದಳು. ತಟ್ಟೆಯನ್ನು ನೋಡಿದಳು. ಮೂವರನ್ನೂ ನೋಡಿದಳು. ಚಿಕ್ಕವಳು ಅಕ್ಕನ ಹಿಂದೆ ಅಡಗಿದಳು.

"ಕನ್ನಡಕ ಇರೋ ತುಂಡು ನನಗೇ ಹಾಕಿ," ಎಂದಳು ಸೋದರತ್ತೆ.

ಅಲ್ಲಿಯವರಿಗೆ ತುತ್ತು ಬಾಯಿಗಿಡುವ ಮೊದಲೇ ಉಪ್ಪಿನ ಡಬ್ಬಿಗೆ ಕೈ ಹಾಕುವ ಅಭ್ಯಾಸ. ಆಕೆಯೂ ಎಡಗೈಯಲ್ಲಿ ಡಬ್ಬಿ ಹಿಡಿದು, ಬಲಗೈಯಿಂದ ಒಂದು ತುಂಡು ತಿಂದಳು. ನಾನು ಸಿಂಕಿನ ಮುಂದೆ ನಿಂತಿದ್ದೆ. ನನ್ನ ನಾಲಿಗೆಗೆ ಸೋಕದ ಆ ಪದಾರ್ಥದ ಮೇಲೆ ಮೂರು ಮಕ್ಕಳು ಎಲ್ಲಿ ಮಲಗಬೇಕೆಂಬುದು ನಿಂತಿತ್ತು. ಆಕೆ ಇನ್ನೊಂದು ತುಂಡು ತಿಂದಳು. ಉಪ್ಪು ಉದುರಿಸದೆಯೇ ಡಬ್ಬಿಯನ್ನು ಕೆಳಗಿಟ್ಟಳು. ಊಟ ಮುಗಿದ ಮೇಲೆ ತೊಳೆದಿಟ್ಟ ಸಿಂಕು ನೋಡಿದಳು, ಬಾಯೆಲ್ಲ ಕೆಚಪ್ಪಾಗಿದ್ದ ಚಿಕ್ಕವಳನ್ನು ನೋಡಿದಳು. ಖಾಲಿ ಸೂಟ್‌ಕೇಸುಗಳನ್ನು ತಾನೇ ಎತ್ತಿಕೊಂಡು ಹೋಗಿ ಕಾರಿನಲ್ಲಿಟ್ಟಳು. "ಮುಂದಿನ ಭಾನುವಾರವೂ ಬಂದು ನೋಡ್ತೀನಿ," ಎಂದಳು. ಬಂದಳು ಕೂಡ, ಅದಕ್ಕೂ ಮುಂದಿನ ವಾರವೂ ಬಂದಳು. ನೋಡುವುದಕ್ಕೋ ತಿನ್ನುವುದಕ್ಕೋ ನಾನು ಕೇಳಲಿಲ್ಲ.

ಅವಳ ಕಾರು ಹೋದ ಮೇಲೆ ಪಕ್ಕದ ಮನೆಯಾಕೆ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಥ್ಯಾಂಕ್ಸ್ ಅಂದವಳು ಅವಳು, ಆದರೆ ಹೇಳಬೇಕಾದವಳು ನಾನು. ಆ ದೇಶಕ್ಕೆ ಹೋದಂದಿನಿಂದ ನಾನು ಎಲ್ಲರಿಂದ ಸಹಾಯ ಪಡೆದೇ ಬದುಕಿದ್ದೆ. ಅಲ್ಲಿ ನನ್ನಿಂದಲೂ ಒಬ್ಬರಿಗೆ ಏನೋ ಆಗಬೇಕಿದೆ ಎನಿಸಿದ್ದು ಅದೇ ಮೊದಲು. ಆ ಸಂಜೆ ಬೇಸ್‌ಮೆಂಟಿನಲ್ಲಿ ಪ್ಯಾಂಟು ಬಿಚ್ಚಿಡುವಾಗ ಅತ್ತುಬಿಟ್ಟೆ, ಸುಖಕ್ಕೆ.

ಬೀದಿಯ ಮರಗಳು ಚಿಗುರುವ ಹೊತ್ತಿಗೆ ಪ್ಲಾಸ್ಟರ್ ತೆಗೆದರು. ಆಕೆ ಊರುಗೋಲು ಹಿಡಿದು ಒಲೆಯ ಮುಂದೆ ನಿಂತ ಮೊದಲ ಶನಿವಾರ ನಮ್ಮನ್ನು ಊಟಕ್ಕೆ ಕರೆದಳು. ಇಲ್ಲಿ ನನ್ನ ಗಂಡನ ಬಗ್ಗೆ ಒಂದು ಮಾತು ಹೇಳಬೇಕು. ಸಾರಿನಲ್ಲಿ ಉಪ್ಪು ಒಂದು ಹರಳು ಹೆಚ್ಚಾದರೂ ಮಾತಿಲ್ಲದೆ ತಟ್ಟೆ ಪಕ್ಕಕ್ಕೆ ಸರಿಸಿ ಮೊಸರನ್ನಕ್ಕೆ ಹೋಗುವ ಜನ ಅವರು. ನಾನಾಗಲಿ, ಅವರ ತಾಯಿಯಾಗಲಿ, ಯಾರಿಗೂ ಅದರಲ್ಲಿ ರಿಯಾಯಿತಿ ಇರಲಿಲ್ಲ.

ಮೇಜಿನ ಮೇಲೆ ಮ್ಯಾಕರೋನಿ ಮತ್ತು ಚೀಸು, ಪಕ್ಕದಲ್ಲಿ ಹುರುಳಿಕಾಯಿ. ಮಾಂಸ ಸೋಕದ ಹೊಸ ಪಾತ್ರೆ, ಅಂಗಡಿಯ ಚೀಟಿ ಇನ್ನೂ ತಳದಲ್ಲೇ ಅಂಟಿತ್ತು. "ಪಾತ್ರೆ ಹೊಸದು, ಚಮಚ ಹೊಸದು," ಎಂದು ಒಂದೊಂದನ್ನೇ ತೋರಿಸಿದಳು. ಆಮೇಲೆ ಆ ದೊಡ್ಡ ಗಂಟಲನ್ನು ತಗ್ಗಿಸಿ, "ಆಮೇಲೆ ಇನ್ನೊಂದು, ನಾನು ಒಂದು ಸಲವೂ ರುಚಿ ನೋಡಿಲ್ಲ. ನಿಮ್ಮಲ್ಲಿ ಮಾಡೋ ಹಾಗೇ ಮಾಡಿದೀನಿ," ಎಂದಳು.

ನಾನು ಮೊದಲ ಚಮಚ ಬಾಯಿಗಿಟ್ಟೆ. ಉಪ್ಪೆಂದರೆ ಉಪ್ಪು, ಕಣ್ಣಲ್ಲಿ ನೀರು ಬಂತು. ಚೀಸಿನಲ್ಲೇ ಉಪ್ಪಿರುತ್ತದೆ, ಅದರ ಮೇಲೆ ಕಣ್ಣಂದಾಜಿನಲ್ಲಿ ಇನ್ನಷ್ಟು ಸುರಿದಿದ್ದಳು. ಮಕ್ಕಳು ಮುಖ ಕಿವಿಚಿ ಹಾಲಿನ ಲೋಟಕ್ಕೆ ಕೈ ಹಾಕಿದರು. ಆಕೆ ಇನ್ನೂ ತಟ್ಟೆ ಮುಟ್ಟಿರಲಿಲ್ಲ, ನಮ್ಮ ಮುಖವನ್ನೇ ನೋಡುತ್ತ ಕುಳಿತಿದ್ದಳು. ನನಗೆ ಇವರ ಕಡೆ ನೋಡಲು ಧೈರ್ಯವಾಗಲಿಲ್ಲ.

ಇವರು ತಟ್ಟೆ ಖಾಲಿ ಮಾಡಿದರು. ಆಮೇಲೆ ತಟ್ಟೆಯನ್ನು ಅವಳ ಮುಂದೆ ಚಾಚಿ, "ಇನ್ನೊಂದು ಸ್ವಲ್ಪ ಹಾಕಿ," ಎಂದರು.

ಮನೆಗೆ ಬಂದವರೇ ಸಿಂಕಿನ ಮುಂದೆ ನಿಂತು ಗಟಗಟ ನೀರು ಕುಡಿದರು, ಲೋಟ ತುಂಬಿಸಿ ಮತ್ತೆ ಕುಡಿದರು. ಲೋಟ ಕೆಳಗಿಟ್ಟು, ಬಾಯಿ ಒರೆಸಿಕೊಂಡು, "ಉಪ್ಪು ಸರಿಯಾಗಿತ್ತು ಕಣೇ," ಎಂದರು.