ನಾಕಾಣೆ ಅಗಲದ ಗಾಯ

ಇವತ್ತು ಬಳ್ಳಾರಿ ಆಸ್ಪತ್ರೆಯಲ್ಲಿ ನಮ್ಮ ಅತ್ತೆ ಮಾಡಿದ್ದನ್ನು ಕೇಳಿರಪ್ಪ. ಶುಗರ್ ಇರುವ ಅವರ ಕಾಲ್ಬೆರಳಿಗೆ ಗಾಯವಾಗಿದೆ. ಮಾಯದಿದ್ದರೆ ಬೆರಳು ತೆಗೆಯಬೇಕು ಎಂದು ಹೋದ ಸಲ ಹೇಳಿ ಕಳಿಸಿದ್ದರು.

ಇವತ್ತಿದ್ದವರು ನನ್ನ ಮಗಳ ವಯಸ್ಸಿನ ಹೊಸ ಡಾಕ್ಟರಮ್ಮ. "ಗಾಯ ಮೊದಲು ಎಷ್ಟಿತ್ತಜ್ಜಿ?" ಎಂದರು.

"ಎಂಟಾಣಿ ಅಗಲ ಇತ್ತವ್ವ. ಈಗ ನಾಕಾಣಿ ಆಗೈತಿ."

"ನಾಕಾಣಿ ಅಂದ್ರ?"

ಅತ್ತೆ ಎಲೆಯಡಿಕೆ ಚೀಲದಿಂದ ಹಳೆಯ ಇಪ್ಪತ್ತೈದು ಪೈಸೆ ತೆಗೆದು ಗಾಯದ ಮೇಲೆ ಇಡಲು ಹೋದರು.

"ಅಯ್ಯೋ, ಮುಟ್ಟಿಸಬ್ಯಾಡ್ರಿ!" ಡಾಕ್ಟರಮ್ಮ ಕೈ ಹಿಡಿದರು. "ಇದು ಬಂದ್ ಆಗಿ ಎಷ್ಟೋ ವರ್ಷ ಆತಲ್ಲಜ್ಜಿ!"

"ಅಂಗಡ್ಯಾಗ ಬಂದ್ ಆಗೈತಿ. ನನ್ನ ಚೀಲದಾಗ ಇನ್ನೂ ನಡೀತೈತಿ."

ಅವರು ನಗುತ್ತ ಸ್ಕೇಲು ಹಿಡಿದು ಗಾಯ ಅಳೆದರು, ನಾಣ್ಯವನ್ನೂ ಅಳೆದರು. ಎರಡೂ ಸರಿಸಮ! "ಮಾಯಾಕತ್ತೈತಿ, ಬೆರಳು ಉಳೀತೈತಿ. ಆದ್ರ ಇನ್ಮ್ಯಾಲ ಸ್ಕೇಲಿನಾಗ ಅಳೀರಿ."

ಅವರು ಹೇಳಿದ್ದು ಸರಿ. ಬರುವಾಗ ಒಂದು ಸ್ಕೇಲು ಕೊಂಡೆ. ಆದರೆ ನಮ್ಮೂರು ಕುರುಗೋಡಿಗೆ ಬಂದು ಬಸವಣ್ಣನ ಮುಂದೆ ನಿಂತಾಗ ಅತ್ತೆಯ ಲೆಕ್ಕದಲ್ಲೇ ಬೇಡಿಕೊಂಡೆ: ಮುಂದಿನ ವಾರಕ್ಕೆ ಆ ಸಣ್ಣ ಸ್ಟೀಲಿನ ಹತ್ತು ಪೈಸೆಯಷ್ಟು ಮಾಡಪ್ಪಾ, ಆಮೇಲೆ ಪೂರ್ತಿ ಬಂದ್ ಮಾಡಿಬಿಡು.