ಕಟ್ಟಕಡೆಯ ಹೊಲಕ್ಕೆ ಮೊದಲ ಪಾಳಿ

ಕಳೆದ ವರ್ಷ ನಾನು ಹಾನಗಲ್ಲಿನ ಸಣ್ಣ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ ಹಿರಿಯ ಪ್ರೋಗ್ರಾಮರ್ ಆಗಿದ್ದೆ. ಹಿರಿಯಳೆಂದರೆ, ಹಳೆಯದು ಏನು ಕೆಟ್ಟರೂ ಬೈಸಿಕೊಳ್ಳುವವಳು. ಮಾಸೂರಿನ ಕಡೆಯ ಒಂದು ಕೆರೆಯ ರೈತರಿಗೆ, ಯಾವ ಹೊಲಕ್ಕೆ ಯಾವಾಗ ನೀರು ಎಂಬ ಪಾಳಿ ಪಟ್ಟಿಯನ್ನು ಮೊಬೈಲಿಗೆ ಕಳಿಸುವ ಪ್ರೋಗ್ರಾಂ ಅನ್ನು ಆರು ವರ್ಷಗಳ ಹಿಂದೆ ನಾನೇ ಬರೆದಿದ್ದೆ. ಅದಕ್ಕೆ ಡಾಕ್ಯುಮೆಂಟೇಶನ್ ಮಾತ್ರ ಒಂದು ಸಾಲೂ ಇರಲಿಲ್ಲ. ತಪ್ಪು ನನ್ನದೇ.

ಪ್ರೋಗ್ರಾಂ ಈಗ ಬೇರೆ ತಂಡದ ಕೈಗೆ ಹೋಗುವುದಿತ್ತು. ದಾಖಲೆ ಬರೆಸಲು ಕಮಾಂಡ್ ಲೈನಿನ ಎಐ ಟೂಲ್ ಹಿಡಿದೆವು. ಕಪ್ಪು ಪರದೆಯಲ್ಲಿ ಒಂದು ಆದೇಶ ಟೈಪಿಸಿದರೆ ಸಾಕು, ಅದು ಫೋಲ್ಡರಿನ ಕೋಡನ್ನೆಲ್ಲ ಓದಿ ವಿವರಣೆ ಬರೆದುಕೊಡುತ್ತದೆ. ಊಟ ಮುಗಿಸಿ ಬರುವಷ್ಟರಲ್ಲಿ ನಲವತ್ತು ಪುಟ ಸಿದ್ಧವಾಗಿದ್ದವು. ನನಗಿಂತ ಚೆನ್ನಾಗಿಯೇ ಬರೆದಿತ್ತು, ಸುಳ್ಳೇಕೆ ಹೇಳಲಿ? ಆದರೆ ಒಂದು ಕಡೆ ಹೀಗಿತ್ತು: 'ಮೊದಲ ಸುತ್ತಿನಲ್ಲಿ ಹೊಲಗಳ ಕ್ರಮ ತಿರುವುಮುರುವಾಗಿದೆ. ಕಾರಣ ಕೋಡಿನಲ್ಲಿ ಇಲ್ಲ. ಬಹುಶಃ ದೋಷ, ತೆಗೆಯಬಹುದು.'

"ಟೂಲೇ ಹೇಳೇತಲ್ರಿ ಮೇಡಂ. ಕೋಡಿನ ಆ ಸಾಲು ತೆಗೀರಿ, ದಾಖಲಿಗೆ ಸಹಿ ಹಾಕ್ರಿ," ಎಂದರು ಮ್ಯಾನೇಜರ್ ಪ್ರಕಾಶ.

ನನಗೂ ಕಾರಣ ನೆನಪಿರಲಿಲ್ಲ. ನಾನೇ ಬರೆದ ಸಾಲು, ನನಗೇ ಗುರುತಿಲ್ಲ! ನಾಚಿಕೆಯಾಯಿತು. ಆದರೂ ಅಳಿಸಲು ಕೈ ಬರಲಿಲ್ಲ. ಮರುದಿನ ಬೆಳಿಗ್ಗೆ ಮಾಸೂರಿನ ಬಸ್ಸು ಹಿಡಿದೆ.

ಕೆರೆಯ ನೀರು ಹಂಚುವ ನೀರಗಂಟಿ ಫಕ್ಕೀರಪ್ಪನವರು ಕಾಲುವೆಯ ದಂಡೆಯ ಮೇಲೆಯೇ ಸಿಕ್ಕರು. ನನ್ನ ಪ್ರಶ್ನೆ ಕೇಳಿ, ಕಾಲುವೆ ಮುಗಿಯುವ ತನಕ ನನ್ನನ್ನು ನಡೆಸಿಕೊಂಡು ಹೋದರು. ಅಲ್ಲಿ ಕಟ್ಟಕಡೆಯ ಹೊಲ, ಗುಡದವ್ವನೆಂಬ ರೈತ ಹೆಂಗಸಿನ ಭತ್ತದ ಗದ್ದೆ.

"ನೀರು ಈ ಕೊನೀ ಹೊಲ ಮುಟ್ಟಿದ ಮ್ಯಾಲೇ ಮ್ಯಾಲಿನವ್ರ ಪಾಳಿ, ಅಕ್ಕಾರ. ಅದಕ್ಕ ಎಲ್ಲಾರೂ ಸಲಿಕಿ ಹಿಡಿದು ಕಾಲುವಿ ಹೂಳು ಕೊನೀತನಕ ತೆಗ್ಯಾಕ ಬರ್ತಾರ. ಮ್ಯಾಲಿನವ್ರಿಗೇ ಮೊದಲ ಕೊಟ್ರ ಒಬ್ರೂ ಬರೂದಿಲ್ಲ. ನಿಮಗ ಆರು ವರ್ಷದ ಹಿಂದ ಹೇಳಿದ್ನಲ್ರಿ?" ಎಂದರು ಫಕ್ಕೀರಪ್ಪನವರು.

ಹೇಳಿದ್ದರು. ನಾನು ಸಾಲು ಬರೆದೆ, ಕಾರಣ ಬರೆಯಲಿಲ್ಲ.

ಗದ್ದೆಯಲ್ಲಿದ್ದ ಗುಡದವ್ವ ಸೊಂಟ ನೆಟ್ಟಗೆ ಮಾಡಿ ಕೇಳಿದಳು: "ನಿಮ್ಮ ಮಷಿನ್ ಇದು ತಪ್ಪು ಅಂತೈತೇನ್ರಿ? ಹಂಗಾದ್ರ ನಾ ಈ ಸಲ ಸಸಿ ಹಚ್ಚಲೋ ಬ್ಯಾಡೋ, ಅದನ್ನರ ಹೇಳ್ರಿ."

"ಹಚ್ಚವ್ವ," ಎಂದೆ. ಹೇಳಿದ ಮೇಲೆ ಹಿಂದೆ ಸರಿಯುವ ಮಾತಿರಲಿಲ್ಲ.

ಕಚೇರಿಗೆ ಬಂದು ಪ್ರಕಾಶರಿಗೆ ಸಾಲು ತೆಗೆಯುವುದಿಲ್ಲ, ಅದನ್ನು ದೋಷವೆನ್ನುವ ದಾಖಲೆಗೆ ಸಹಿಯನ್ನೂ ಹಾಕುವುದಿಲ್ಲ ಎಂದೆ.

"ಕೆಲಸ ಹೋಗತೈತ್ರಿ ಮೇಡಂ."

"ಹೋಗ್ಲಿ ಬಿಡ್ರಿ. ಟೂಲ್ ಕೋಡ್ ಓದೇತಿ, ಕಾಲುವಿ ನೋಡಿಲ್ಲ. ನಾ ನೋಡಿ ಬಂದೇನಿ."

ಮುಂದಿನ ಎರಡು ದಿನದಲ್ಲಿ ಫಕ್ಕೀರಪ್ಪನವರ ಮಾತನ್ನು ಕೋಡಿನೊಳಗೇ ಬರೆದು ಟೂಲನ್ನು ಮತ್ತೆ ಓಡಿಸಿದೆ. ಈ ಸಲ ಅದು ಪದ್ಧತಿಯನ್ನು ಅಚ್ಚುಕಟ್ಟಾಗಿ ವಿವರಿಸಿತು. ಅದಕ್ಕೆ ನಾನು ಸಹಿ ಹಾಕಿದೆ, ಪ್ರಕಾಶರೂ ಆ ಪುಟ ಓದಿ ಕೆಳಗೆ ತಮ್ಮ ಸಹಿ ಹಾಕಿದರು. ಕೆಲಸ ಹೋಗಲಿಲ್ಲ. ನಾನು ಸುಮ್ಮನಾಗಲೂ ಇಲ್ಲ. ಆ ಸಾಲನ್ನು ಕಾಯಲು, ಯಾರಾದರೂ ತೆಗೆದರೆ ತಡೆದು ಸಂದೇಶ ತೋರಿಸುವ ಒಂದು ಟೆಸ್ಟ್ ಬರೆದಿಟ್ಟೆ. ಏನು ಮಾಡಿದೆವೆಂದು ಕೋಡ್ ಹೇಳುತ್ತದೆ. ಯಾಕೆ ಮಾಡಿದೆವೆಂದು ಬರೆದಿಡುವುದು ನಮ್ಮ ಕೆಲಸ. ಇದನ್ನು ಕಲಿಯಲು ನನಗೆ ಆರು ವರ್ಷ ಬೇಕಾಯಿತು.

ಮೂರು ತಿಂಗಳ ಬಳಿಕ ಹೊಸ ತಂಡದವರೊಬ್ಬರು ಫೋನ್ ಮಾಡಿದರು. "ಮೇಡಂ, ಆ ಸಾಲು ತೆಗೆದ್ರೆ ಟೆಸ್ಟ್ ಫೇಲ್ ಆಗ್ತಿದೆ. 'ಕಾಲುವೆಯ ಕೊನೆತನಕ ನಡೆದು ಹೋಗಿ ಗುಡದವ್ವನನ್ನು ಕೇಳಿ' ಅಂತ ಬರ್ತಿದೆ. ಇದನ್ನು ಹೇಗೆ ದಾಟೋದು?"

"ನಡೀಬೇಕ್ರಿ," ಎಂದೆ.